ಆಹಾರದ ಶುದ್ಧಿ ಕೊಟ್ಟಿಗೆಯಿಂದಲೇ ಮೊದಲಾಗಲಿ



ಎಳ್ಳಮಾವಾಸ್ಯೆಯ ದಿನ ಕಮಲನಗರ, ಔರಾದ, ಭಾಲ್ಕಿ ಕಡೆಯ ಹೊಲಗಳ ಸೊಬಗೇ ಬೇರೆ. ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಪೂಜೆ ಮುಗಿಸಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿಯ ಊಟಕ್ಕೆ ಕೂಡುತ್ತಾರೆ. ರೊಟ್ಟಿಯ ಜೊತೆಗೆ ಹಸಿಯದೇನಾದರೂ ಬೇಕಲ್ಲವೇ? ಪಕ್ಕದ ಮಡಿಯಿಂದ ಉಳ್ಳಾಗಡ್ಡಿಯ ತಪ್ಪಲು, ಮೆಂತ್ಯೆ ಸೊಪ್ಪು, ಮೂಲಂಗಿ ಕಿತ್ತು, ಮಣ್ಣು ಕೊಡವಿ ಹಾಗೆಯೇ ತಿನ್ನುತ್ತೇವೆ. ಆ ರುಚಿಯನ್ನು ಬಿಡಿ ಎಂದು ನಾನು ಹೇಳಲಾರೆ. ಆದರೆ ಒಂದು ಪ್ರಶ್ನೆಯನ್ನು ಕೇಳದೆ ಇರಲಾರೆ. ಆ ಮಡಿಗೆ ಗೊಬ್ಬರ ಹಾಕಿ ಎಷ್ಟು ದಿನಗಳಾದವು? ಹಾಕಿದ್ದು ಕಳಿತ ಗೊಬ್ಬರವೋ, ಕೊಟ್ಟಿಗೆಯಿಂದ ನೇರವಾಗಿ ಬಂದ ಹಸಿ ಸಗಣಿಯೋ?

ಈ ಪ್ರಶ್ನೆ ಏಕೆ ಮುಖ್ಯವೆಂದರೆ, ನಾವು ತಿನ್ನುವ ಆಹಾರವನ್ನು ಕೆಡಿಸುವ ರೋಗಾಣುಗಳಲ್ಲಿ ಬಹಳಷ್ಟರ ಮೂಲಸ್ಥಾನ ದನ, ಎಮ್ಮೆ, ಆಡು, ಕೋಳಿಗಳ ಕರುಳು. ಹಾಲು ಕೆಟ್ಟರೆ ಡೇರಿಯನ್ನು, ಮಾಂಸ ಕೆಟ್ಟರೆ ಕಟುಕರನ್ನು, ಮಗುವಿಗೆ ಭೇದಿಯಾದರೆ ಹವೆಯನ್ನು ದೂರುವುದು ನಮ್ಮ ರೂಢಿ. ಇವರೆಲ್ಲರ ಪಾಲೂ ಇದ್ದೀತು. ಆದರೆ ಆಹಾರದ ಶುದ್ಧಿ ಮೊದಲಾಗಬೇಕಾದದ್ದು ಕೊಟ್ಟಿಗೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಬೇಕಾದದ್ದು ಹೆಚ್ಚು ಔಷಧವಲ್ಲ, ಹೆಚ್ಚು ಎಚ್ಚರ.

ಕರುಳಿನೊಳಗಿನ ಲೋಕ

ಎಲ್ಲ ಸೂಕ್ಷ್ಮಜೀವಿಗಳೂ ವೈರಿಗಳಲ್ಲ. ಒಣ ಕಣಕಿಯನ್ನು ತಿಂದು ಆಕಳು ಹಾಲು ಕೊಡುತ್ತಿದ್ದರೆ ಅದು ಸೂಕ್ಷ್ಮಜೀವಿಗಳ ಕೃಪೆಯಿಂದಲೇ. ಆಕಳ ಮೊದಲನೆಯ ಹೊಟ್ಟೆಯ ರಸದ ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಗಳಿರುತ್ತವೆ. ಕಣಕಿಯ ನಾರನ್ನು ಕರಗಿಸುವ ಶಕ್ತಿ ಆಕಳಿಗಿಲ್ಲ. ಅದನ್ನು ಕರಗಿಸಿ ಆಹಾರವನ್ನಾಗಿ ಮಾಡಿಕೊಡುವವು ಇವೇ.

ಈ ಒಳ್ಳೆಯ ಜೀವಿಗಳ ನಡುವೆ ಕೆಲವು ಕೆಟ್ಟವೂ ಅಡಗಿರುತ್ತವೆ. ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಮತ್ತು ಇ. ಕೋಲೈ ಜಾತಿಯ ಕೆಲವು ಬಗೆಗಳು ಇವುಗಳಲ್ಲಿ ಮುಖ್ಯವಾದವು. ಇ. ಕೋಲೈಯಲ್ಲಿ ಬಹುಪಾಲು ನಿರಪಾಯಕಾರಿ. ನಮ್ಮ ನಿಮ್ಮ ಕರುಳಿನಲ್ಲೂ ಇವೆ. ಆದರೆ ಅದರ ಒಂದು ಬಗೆ ವಿಷವನ್ನು ತಯಾರಿಸುತ್ತದೆ. 1982ರಲ್ಲಿ ಅಮೆರಿಕದ ಎರಡು ರಾಜ್ಯಗಳಲ್ಲಿ ಸರಿಯಾಗಿ ಬೇಯದ ದನದ ಮಾಂಸ ತಿಂದವರಿಗೆ ರಕ್ತಭೇದಿಯಾದಾಗ ಇದು ಮೊದಲು ಗುರುತಿಗೆ ಬಂದಿತು. ವಿಜ್ಞಾನಿಗಳು ಇದನ್ನು ಒ157 ಎಂದು ಕರೆದರು. ಚಿಕ್ಕ ಮಕ್ಕಳಲ್ಲಿ ಇದು ಮೂತ್ರಪಿಂಡಗಳನ್ನೇ ಕೆಡಿಸಬಲ್ಲದು. ನೂರಕ್ಕೂ ಕಡಿಮೆ ರೋಗಾಣುಗಳು ಹೊಟ್ಟೆ ಸೇರಿದರೂ ರೋಗ ಬರಬಹುದು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದುಂಟು. ಈ ರೋಗಾಣುವನ್ನು ಹೊತ್ತ ಆಕಳಿಗೆ ಏನೂ ಆಗುವುದಿಲ್ಲ. ಮೇವು ತಿನ್ನುತ್ತದೆ, ಮೆಲುಕು ಹಾಕುತ್ತದೆ, ಹಾಲು ಕೊಡುತ್ತದೆ. ಆದ್ದರಿಂದ ‘ನಮ್ಮ ದನ ಗಟ್ಟಿಮುಟ್ಟಾಗಿದೆ, ಅದರ ಸಗಣಿಯಿಂದ ಏನಾದೀತು’ ಎಂಬ ಮಾತು ನಿಲ್ಲುವುದಿಲ್ಲ. ವಿಷ ತಯಾರಿಸುವ ಇ. ಕೋಲೈ ನಮ್ಮ ದೇಶದ ದನಗಳ ಸಗಣಿಯಲ್ಲಿಯೂ, ಹಾಲು, ಮಾಂಸಗಳಲ್ಲಿಯೂ ಪತ್ತೆಯಾಗಿದೆ.

‘ನಮ್ಮಜ್ಜ ಇದನ್ನೇ ಕುಡಿದು ಬದುಕಲಿಲ್ಲವೇ?’

ಹಳ್ಳಿಯ ಸಭೆಗಳಲ್ಲಿ ಹಿರಿಯರು ಕೇಳುವ ಮಾತು ಇದು: “ಡಾಕ್ಟರ್ ಸಾಹೇಬ್ರೇ, ನಮ್ಮಪ್ಪ, ನಮ್ಮಜ್ಜ ಇದೇ ಹಾಲು ಕುಡ್ದು, ಇದೇ ಕಾಯಿಪಲ್ಲೆ ತಿಂದು ಬದುಕಿಲ್ಲೇನ್ರೀ?” ಬದುಕಿದರು, ನಿಜ. ಆದರೆ ಅದೇ ಮನೆಗಳಲ್ಲಿ ವರ್ಷ ತುಂಬುವ ಮೊದಲೇ ಭೇದಿಯಿಂದ ತೀರಿಕೊಂಡ ಕೂಸುಗಳ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಬದುಕಿದವರು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತಾರೆ.

ಇನ್ನೂ ಒಂದು ಮಾತು. ಅಂದು ಮನೆಯ ಹಾಲು ಮನೆಯಲ್ಲಿಯೇ ಕಾಯುತ್ತಿತ್ತು. ಇಂದು ಒಂದು ಊರಿನ ಹತ್ತಾರು ಮನೆಗಳ ಹಾಲು ಒಂದೇ ಕ್ಯಾನಿಗೆ ಬೀಳುತ್ತದೆ. ಕಮಲನಗರದ ಸೊಪ್ಪು ಉದಗೀರದ ಸಂತೆಗೂ ಹೋದೀತು, ಬೀದರದ ಮಾರುಕಟ್ಟೆಗೂ ಹೋದೀತು. ಒಬ್ಬನ ಅಲಕ್ಷ್ಯ ನೂರು ಮನೆಗಳಿಗೆ ಹಂಚಿಹೋಗುವ ಕಾಲವಿದು.

ಬೇರೆ ದೇಶಗಳು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿವೆ. 1953ರಲ್ಲಿ ಸ್ವೀಡನ್ ದೇಶದ ಆಲ್ವೆಸ್ತಾ ಎಂಬ ಊರಿನ ಕಸಾಯಿಖಾನೆಯಿಂದ ಹೊರಟ ಮಾಂಸದಲ್ಲಿ ಸಾಲ್ಮೊನೆಲ್ಲಾ ಹರಡಿ ಸುಮಾರು 9000 ಜನ ಕಾಯಿಲೆ ಬಿದ್ದರು. ಸುಮಾರು 90 ಜನ ಸತ್ತರು. ಆ ದೇಶದವರು ಅಡಿಗೆಮನೆಗೆ ಬುದ್ಧಿ ಹೇಳಿ ಸುಮ್ಮನಾಗಲಿಲ್ಲ. ಸಾಕುವ ಜಾಗದಲ್ಲಿಯೇ ರೋಗಾಣುವನ್ನು ತಡೆಯುವ ಕಾರ್ಯಕ್ರಮ ಹಾಕಿಕೊಂಡು ದಶಕಗಳ ಕಾಲ ಪಟ್ಟುಹಿಡಿದು ನಡೆಸಿದರು. 2006ರಲ್ಲಿ ಅಮೆರಿಕದಲ್ಲಿ ಹಸಿ ಪಾಲಕ ಸೊಪ್ಪು ತಿಂದು ಸುಮಾರು 200 ಜನ ಒ157 ರೋಗಕ್ಕೆ ತುತ್ತಾದರು, ಮೂವರು ಸತ್ತರು. ಹುಡುಕಿದಾಗ ಅದೇ ರೋಗಾಣು ಸೊಪ್ಪಿನ ಹೊಲದ ಆಸುಪಾಸಿನ ದನಗಳ ಸಗಣಿಯಲ್ಲಿ, ಕಾಡುಹಂದಿಗಳ ಮಲದಲ್ಲಿ ಸಿಕ್ಕಿತು. ಪಾಲಕ ಸೊಪ್ಪಿಗೆ ಕರುಳಿಲ್ಲ. ರೋಗಾಣು ಬಂದದ್ದು ಪ್ರಾಣಿಗಳಿಂದ.

ಔಷಧದ ಮೋಹ ಬೇಡ

‘ಹಾಗಾದರೆ ರೋಗಾಣುವನ್ನು ಕೊಲ್ಲುವ ಔಷಧ ಕೊಟ್ಟುಬಿಡೋಣ’ ಎಂದು ಯಾರಾದರೂ ಅಂದಾರು. ತಪ್ಪು ಹೆಜ್ಜೆ ಇಡುವುದು ಇಲ್ಲಿಯೇ.

ಕರುವಿಗೆ ಭೇದಿಯಾದರೆ, ಕೋಳಿ ಮಂಕಾದರೆ ಪೇಟೆಯ ಅಂಗಡಿಯಿಂದ ಆಂಟಿಬಯಾಟಿಕ್ ತಂದು ತಾವೇ ಕೊಡುವವರು ಬಹಳ ಜನ. ಒಂದು ದಿನ ಕೊಟ್ಟು, ಗುಣ ಕಂಡೊಡನೆ ನಿಲ್ಲಿಸುತ್ತಾರೆ. ಹೊಲದಲ್ಲಿ ಒಂದೇ ಕೀಟನಾಶಕವನ್ನು ವರ್ಷವರ್ಷವೂ ಹೊಡೆದರೆ ತೊಗರಿಯ ಕಾಯಿಕೊರಕ ಹೇಗೆ ಬಗ್ಗುವುದಿಲ್ಲವೋ, ಕರುಳಿನಲ್ಲಿಯೂ ಹಾಗೆಯೇ. ಬಲಹೀನ ರೋಗಾಣುಗಳು ಸತ್ತು, ಔಷಧಕ್ಕೆ ಜಗ್ಗದವು ಉಳಿದು ಬೆಳೆಯುತ್ತವೆ. ನಾಳೆ ಅವೇ ಮನೆಯ ಮಗುವಿಗೆ ತಗುಲಿದರೆ ಆಸ್ಪತ್ರೆಯ ಔಷಧವೂ ನಾಟುವುದಿಲ್ಲ.

ಕೊಲಿಸ್ಟಿನ್ ಎಂಬ ಔಷಧದ ಕಥೆಯನ್ನು ಕೇಳಿ. ಬೇರೆ ಯಾವ ಔಷಧವೂ ನಾಟದ ರೋಗಿಗೆ ವೈದ್ಯರು ಕೊನೆಯ ಅಸ್ತ್ರವಾಗಿ ಇದನ್ನು ಕೊಡುತ್ತಾರೆ. ಇದೇ ಔಷಧವನ್ನು ಕೋಳಿ ಬೇಗ ತೂಕ ಬರಲೆಂದು ಮೇವಿನಲ್ಲಿ ಬೆರೆಸುತ್ತಿದ್ದರು. ಕೊಲಿಸ್ಟಿನ್ ಅನ್ನು ಎದುರಿಸುವ ಗುಣ ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ದಾಟಬಲ್ಲದೆಂದು 2015ರಲ್ಲಿ ಚೀನದಿಂದ ವರದಿ ಬಂದಿತು. ನಮ್ಮ ಸರಕಾರ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಇದನ್ನು ಕೊಡುವುದನ್ನು ನಿಷೇಧಿಸಿತು. ಸ್ವೀಡನ್ 1986ರಲ್ಲಿಯೇ ಬೆಳವಣಿಗೆಗಾಗಿ ಮೇವಿನಲ್ಲಿ ಆಂಟಿಬಯಾಟಿಕ್ ಬೆರೆಸುವುದನ್ನು ನಿಲ್ಲಿಸಿತ್ತು. ಯುರೋಪಿನ ಒಕ್ಕೂಟದ ದೇಶಗಳೆಲ್ಲ 2006ರಲ್ಲಿ ನಿಲ್ಲಿಸಿದವು. ಅಲ್ಲಿ ಪಶುಪಾಲನೆ ಮುಳುಗಿಹೋಗಲಿಲ್ಲ.

ಪಶುವೈದ್ಯರು ಬರೆದುಕೊಟ್ಟ ಔಷಧವನ್ನು ಹೇಳಿದಷ್ಟು ದಿನ ಪೂರ್ತಿಯಾಗಿ ಕೊಡಿ. ಕೊಟ್ಟ ಮೇಲೆ ಎಷ್ಟು ದಿನ ಹಾಲು ಮಾರಬಾರದೆಂದು ಕೇಳಿ ತಿಳಿದುಕೊಳ್ಳಿ. ಔಷಧದ ಚೀಟಿಯ ಮೇಲೆ ಬೇರೆ ಅವಧಿ ಹೇಳಿರದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ ಬಿಡಬೇಕೆಂದು 2012ರ ನಿಯಮ ಹೇಳುತ್ತದೆ. ಔಷಧ ಕೊಟ್ಟ ಎಮ್ಮೆಯ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗದಿರುವುದನ್ನು ನಿಮ್ಮ ಮನೆಯ ಹೆಣ್ಣುಮಕ್ಕಳು ಕಂಡಿರಬಹುದು. ಹೆಪ್ಪಿನ ಒಳ್ಳೆಯ ಬ್ಯಾಕ್ಟೀರಿಯಗಳು ಹಾಲಿನಲ್ಲಿ ಉಳಿದ ಔಷಧದಿಂದ ಸತ್ತಿರುತ್ತವೆ. ಮೊಸರನ್ನೇ ಕಟ್ಟಗೊಡದ ಹಾಲನ್ನು ಮಗುವಿಗೆ ಕುಡಿಸುವುದೆಂತು?

ಬೆಳೆ ದಟ್ಟವಾದರೆ ಕಳೆಗೆ ಜಾಗವಿಲ್ಲ

ಔಷಧವಿಲ್ಲದೆ ಕೆಟ್ಟ ರೋಗಾಣುಗಳನ್ನು ಅಂಕೆಯಲ್ಲಿಡಬಹುದೇ? ಇಡಬಹುದು. ಇದರ ಗುಟ್ಟು ರೈತರಿಗೆ ಹೊಸದಲ್ಲ. ಹೆಸರು, ಉದ್ದು ದಟ್ಟವಾಗಿ ಹಬ್ಬಿದ ಹೊಲದಲ್ಲಿ ಕಳೆ ತಲೆ ಎತ್ತುವುದು ಕಡಿಮೆ. ಕರುಳಿನಲ್ಲಿಯೂ ಒಳ್ಳೆಯ ಜೀವಿಗಳು ದಟ್ಟವಾಗಿದ್ದರೆ ಕೆಟ್ಟವಕ್ಕೆ ನೆಲೆ ಸಿಗದು.

ಫಿನ್ಲೆಂಡಿನ ನುರ್ಮಿ ಮತ್ತು ರಂಟಾಲಾ ಎಂಬ ವಿಜ್ಞಾನಿಗಳು 1973ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಆಗತಾನೆ ಹುಟ್ಟಿದ ಕೋಳಿಮರಿಗಳಿಗೆ ಆರೋಗ್ಯವಂತ ದೊಡ್ಡ ಕೋಳಿಗಳ ಕರುಳಿನ ಜೀವಿಗಳನ್ನು ಉಣಿಸಿದಾಗ, ಆ ಮರಿಗಳಲ್ಲಿ ಸಾಲ್ಮೊನೆಲ್ಲಾ ಸುಲಭವಾಗಿ ನೆಲೆಯೂರಲಿಲ್ಲ. ತಾಯಿಕೋಳಿಯ ಜೊತೆ ಕೆದರಿ ತಿನ್ನುವ ಮರಿಗೆ ಈ ಜೀವಿಗಳು ತಾನಾಗಿ ಸಿಗುತ್ತವೆ. ಯಂತ್ರದಲ್ಲಿ ಮರಿಯಾಗಿ ಪೆಟ್ಟಿಗೆಯಲ್ಲಿ ಬಂದ ಮರಿಗೆ ಸಿಗುವುದಿಲ್ಲ. ಹಾಲನ್ನು ಮೊಸರು ಮಾಡುವ ಜಾತಿಯ ಬ್ಯಾಕ್ಟೀರಿಯಗಳನ್ನು ದನಗಳ ಮೇವಿನಲ್ಲಿ ಕೊಟ್ಟಾಗ ಸಗಣಿಯಲ್ಲಿ ಒ157 ಕಡಿಮೆಯಾದದ್ದೂ ಕೆಲವು ಪ್ರಯೋಗಗಳಲ್ಲಿ ಕಂಡಿದೆ.

ಬ್ಯಾಕ್ಟೀರಿಯವನ್ನೇ ತಿಂದು ಬದುಕುವ ಫೇಜ್ ಎಂಬ ಅತಿಸೂಕ್ಷ್ಮ ಜೀವಿಗಳ ವಿಷಯವನ್ನೂ ಈಗ ಹೆಚ್ಚಾಗಿ ಕೇಳುತ್ತೇವೆ. ಗಂಗಾ, ಯಮುನಾ ನೀರಿನಲ್ಲಿ ಕಾಲರಾ ರೋಗಾಣುವನ್ನು ಕೊಲ್ಲುವ ಏನೋ ಒಂದು ಇದೆಯೆಂದು ಆಗ್ರಾದಲ್ಲಿದ್ದ ಹ್ಯಾಂಕಿನ್ 1896ರಲ್ಲಿಯೇ ಬರೆದಿದ್ದರು. ಡೆರೆಲ್ ಎಂಬ ವಿಜ್ಞಾನಿ 1919ರ ಸುಮಾರಿಗೆ ಫ್ರಾನ್ಸಿನ ಹಳ್ಳಿಗಳಲ್ಲಿ ಕೋಳಿಗಳ ರೋಗಕ್ಕೆ ಫೇಜುಗಳನ್ನು ಪ್ರಯೋಗಿಸಿದ್ದರು. ಇವೆಲ್ಲ ಮುಂದೆ ನಮಗೆ ಒದಗಬಹುದಾದ ಸಾಧನಗಳು. ಅವು ಬರಲೆಂದು ಕೈಕಟ್ಟಿ ಕೂಡಬೇಕಾಗಿಲ್ಲ. ಇಂದೇ ನಮ್ಮ ಕೈಯಲ್ಲಿರುವುದನ್ನು ನೋಡೋಣ.

ಮೊದಲನೆಯದು ಗಿಣ್ಣದ ಹಾಲು. ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬಾರದೆಂಬ ನಂಬಿಕೆ ಇನ್ನೂ ಹಲವು ಮನೆಗಳಲ್ಲಿದೆ. ಇದು ಕರುವಿಗೆ ಮಾಡುವ ದ್ರೋಹ. ರೋಗವನ್ನು ಎದುರಿಸುವ ಶಕ್ತಿಯನ್ನು ಕರು ಹೊಟ್ಟೆಯಿಂದ ತರುವುದಿಲ್ಲ. ಗಿಣ್ಣದ ಹಾಲಿನಿಂದ ಪಡೆಯುತ್ತದೆ. ಗಂಟೆಗಳು ಕಳೆದಂತೆ ಆ ಶಕ್ತಿಯನ್ನು ಹೀರಿಕೊಳ್ಳುವ ಬಾಗಿಲು ಕರುಳಿನಲ್ಲಿ ಮುಚ್ಚುತ್ತ ಹೋಗಿ ಒಂದು ದಿನದೊಳಗೆ ಮುಚ್ಚಿಹೋಗುತ್ತದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಕುಡಿಸಿ. ಮೊದಲನೆಯ ದಿನ ಕರುವಿನ ತೂಕದ ಹತ್ತನೆಯ ಒಂದು ಭಾಗ ಸಿಗಲಿ. 20 ಕಿ.ಗ್ರಾಂ ತೂಗುವ ದೇವಣಿ ಕರುವಿಗೆ 2 ಲೀಟರ್ ಎಂದಾಯಿತು. ನಮ್ಮ ಗಡಿಯಾಚೆಗಿನ ದೇವಣಿ ಊರಿನ ಹೆಸರು ಹೊತ್ತ ಈ ತಳಿ ಉಳುಮೆಗೂ ಹಾಲಿಗೂ ಒದಗುವ ನಮ್ಮ ನಾಡಿನ ಸಂಪತ್ತು. ಅದರ ಒಂದು ಕರುವೂ ಭೇದಿಗೆ ಬಲಿಯಾಗಬಾರದು. ಭೇದಿ ಕಂಡರೆ ಮಕ್ಕಳಿಗೆ ಕೊಡುವಂತೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಅರ್ಧ ಚಮಚ ಉಪ್ಪು, ಆರು ಚಮಚ ಸಕ್ಕರೆ ಬೆರೆಸಿ ಮೇಲಿಂದ ಮೇಲೆ ಕುಡಿಸುತ್ತ ಪಶುವೈದ್ಯರನ್ನು ಕರೆಸಿ. ಕರುವನ್ನು ಬೇರೆ ಕಟ್ಟಿ.

ಎರಡನೆಯದು ಮೇವು. ದನದ ಹೊಟ್ಟೆ ಇರುವುದು ನಾರಿನ ಮೇವಿಗೆ. ಕಣಕಿ, ಹಸಿ ಹುಲ್ಲು, ತೊಗರಿ ಹೊಟ್ಟು ಇವೇ ಆಧಾರವಾಗಲಿ. ಹಾಲು ಹೆಚ್ಚಲೆಂದು ಒಮ್ಮೆಗೇ ಕಾಳು ಸುರಿದರೆ ಹೊಟ್ಟೆಯಲ್ಲಿ ಹುಳಿ ಏರಿ ಒಳ್ಳೆಯ ಜೀವಿಗಳು ಸಾಯುತ್ತವೆ. ಕಾಳಿನ ಮೇವಿನ ದನಗಳಲ್ಲಿ ಹುಳಿಯನ್ನು ತಾಳಬಲ್ಲ ಇ. ಕೋಲೈ ಹೆಚ್ಚಿದ್ದು, ಒಣಹುಲ್ಲಿಗೆ ಬದಲಾಯಿಸಿದ ಐದು ದಿನಗಳಲ್ಲಿ ಕಡಿಮೆಯಾಯಿತೆಂದು 1998ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಪ್ರಕಟಿಸಿದರು. ಮುಂದಿನ ಪ್ರಯೋಗಗಳೆಲ್ಲ ಇದೇ ಫಲವನ್ನು ಕೊಡಲಿಲ್ಲ. ಆದರೂ ಮೇವನ್ನು ಥಟ್ಟನೆ ಬದಲಾಯಿಸದೆ ವಾರ ಹತ್ತು ದಿನಗಳಲ್ಲಿ ನಿಧಾನವಾಗಿ ಬದಲಾಯಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಮೂರನೆಯದು ನೀರು. ಬೇಸಿಗೆಯಲ್ಲಿ ನಮ್ಮ ಕಡೆ ನೀರಿನ ಕಷ್ಟವನ್ನು ಬಣ್ಣಿಸಬೇಕಾಗಿಲ್ಲ. ಊರ ದನಗಳೆಲ್ಲ ಒಂದೇ ತೊಟ್ಟಿಯಲ್ಲಿ ಕುಡಿಯುತ್ತವೆ. ತೊಟ್ಟಿಯ ತಳದ ಕೆಸರಿನಲ್ಲಿ ಈ ರೋಗಾಣುಗಳು ತಿಂಗಳುಗಟ್ಟಲೆ ಬದುಕಬಲ್ಲವು. ಒಂದು ದನದ ಬಾಯಿಂದ ಬಿದ್ದದ್ದು ಹತ್ತು ದನಗಳ ಹೊಟ್ಟೆ ಸೇರುತ್ತದೆ. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ, ಕೆಸರು ತೆಗೆದು, ತಿಕ್ಕಿ, ಒಳಗೆ ಸುಣ್ಣ ಬಳಿದು ಒಣಗಿಸಿ ಮತ್ತೆ ತುಂಬಿಸಿ. ಪಂಚಾಯತಿಯ ತೊಟ್ಟಿಯಾದರೆ ಪಾಳಿ ಹಚ್ಚಿಕೊಳ್ಳಿ.

ಹಾಲು ಕರೆಯುವಾಗ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕೆಸರಾದ ಆ ಕೈ ಕೆಚ್ಚಲಿಗೆ ಹೋಗುವ ಮೊದಲು ತೊಳೆದಿರಬೇಕು. ಹಾಲಿನಲ್ಲಿ ಕರುಳಿನ ರೋಗಾಣು ಸೇರುವುದು ಬಹುಮಟ್ಟಿಗೆ ಒಳಗಿನಿಂದಲ್ಲ, ಹೊರಗಿನ ಸಗಣಿಯಿಂದ. ಆದ್ದರಿಂದ:

1. ಹಾಲು ಕರೆಯುವ ಮೊದಲು ಕೊಟ್ಟಿಗೆಯ ಸಗಣಿ ತೆಗೆಯಿರಿ. ಕಸ ಗುಡಿಸಿ ಧೂಳೆಬ್ಬಿಸುವುದು, ಒಣ ಮೇವು ಹಾಕುವುದು ಹಾಲು ಕರೆದ ಮೇಲಾಗಲಿ.

2. ಕೈಯನ್ನು ಸಾಬೂನಿನಿಂದ ತೊಳೆಯಿರಿ. ಕೆಚ್ಚಲನ್ನು ಚೊಕ್ಕ ನೀರಿನಿಂದ ತೊಳೆದು ಒಣ ಬಟ್ಟೆಯಿಂದ ಒರೆಸಿ. ಒದ್ದೆ ಕೆಚ್ಚಲಿನಿಂದ ಕೊಳಕು ನೀರು ಹಾಲಿಗೆ ತೊಟ್ಟಿಕ್ಕುತ್ತದೆ.

3. ಪ್ರತಿ ಮೊಲೆಯ ಮೊದಲ ಎರಡು ಮೂರು ಎಳೆತವನ್ನು ಬೇರೆ ಬಟ್ಟಲಿಗೆ ಬಿಟ್ಟು ನೋಡಿ ಚೆಲ್ಲಿ.

4. ಬಾಯಿ ಸಣ್ಣದಾದ ಪಾತ್ರೆಯಲ್ಲಿ ಕರೆಯಿರಿ. ಸೋಸುವ ಬಟ್ಟೆಯನ್ನು ದಿನವೂ ಕುದಿಸಿ ಬಿಸಿಲಿಗೆ ಹಾಕಿ.

5. ಕರೆದ ಹಾಲನ್ನು ತಡಮಾಡದೆ ಸಂಘಕ್ಕೆ ಮುಟ್ಟಿಸಿ. ಬೇಸಿಗೆಯ ಬಿಸಿಲಿನಲ್ಲಿ ಬ್ಯಾಕ್ಟೀರಿಯ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲದು.

ಮನೆಗೆ ಇಟ್ಟುಕೊಂಡ ಹಾಲನ್ನು ಉಕ್ಕಿ ಬರುವಂತೆ ಕಾಯಿಸಿ. ಹಸಿ ಹಾಲಿನಲ್ಲಿ ಶಕ್ತಿ ಹೆಚ್ಚೆಂದು ಮಕ್ಕಳಿಗೆ ನೊರೆಹಾಲು ಕುಡಿಸುವ ಪದ್ಧತಿಯನ್ನು ಬಿಟ್ಟುಬಿಡಿ. 63 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅರ್ಧ ಗಂಟೆ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿದರೆ ಈ ರೋಗಾಣುಗಳು ಸಾಯುತ್ತವೆ. ಮನೆಯಲ್ಲಿ ಕುದಿಸುವುದು ಅದಕ್ಕಿಂತ ಮಿಗಿಲು.

ತಿಪ್ಪೆ, ಜೀವಾಮೃತ ಮತ್ತು ಹಸಿ ಸೊಪ್ಪು

ಹಾಲನ್ನು ಕಾಯಿಸುತ್ತೇವೆ, ಮಾಂಸವನ್ನು ಬೇಯಿಸುತ್ತೇವೆ. ಆದರೆ ಮೆಂತ್ಯೆ, ಹಕ್ಕರಿಕೆ, ಕೊತ್ತಂಬರಿ, ಸವತೆಕಾಯಿಗಳನ್ನು ಹಸಿಯಾಗಿಯೇ ತಿನ್ನುತ್ತೇವೆ. ನಮ್ಮ ಕಡೆಯ ಊಟದಲ್ಲಿ ಬೆಂಕಿ ಮುಟ್ಟದ ಭಾಗ ಇದೇ. ಆದ್ದರಿಂದ ಕೊಟ್ಟಿಗೆಯ ರೋಗಾಣು ಬಾಯಿಗೆ ಬರುವ ಅತಿ ಹತ್ತಿರದ ದಾರಿಯೂ ಇದೇ.

ಗೊಬ್ಬರವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಕೊಟ್ಟಿಗೆ ಗೊಬ್ಬರವಿಲ್ಲದೆ ಈ ಕಪ್ಪು ಭೂಮಿ ಉಳಿಯದು. ಹೇಳುವುದಿಷ್ಟೆ: ಹಸಿ ಸಗಣಿ ಬೇಡ, ಕಳಿತದ್ದು ಹಾಕಿ. ಸರಿಯಾಗಿ ಕಳಿಯುವ ತಿಪ್ಪೆಯ ನಡುವಿನ ಕಾವು 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾವಿಗೆ ರೋಗಾಣುಗಳು ಸಾಯುತ್ತವೆ. ಆದರೆ ತಿಪ್ಪೆಯ ಅಂಚು ತಣ್ಣಗಿರುತ್ತದೆ. ಆದ್ದರಿಂದ ಅಂಚಿನದು ನಡುವಿಗೆ ಬರುವಂತೆ ಮಗುಚಬೇಕು. ಹದಿನೈದು ದಿನ ಈ ಕಾವು ಇದ್ದು, ಅಷ್ಟರಲ್ಲಿ ಐದು ಸಲ ಮಗುಚಿದರೆ ಗೊಬ್ಬರ ನಿರಪಾಯವೆಂದು ಅಮೆರಿಕದ ಸಾವಯವ ಕೃಷಿಯ ನಿಯಮ ಎಣಿಸುತ್ತದೆ. ಹಸಿ ಗೊಬ್ಬರವನ್ನೇ ಹಾಕಿದರೆ, ಮಣ್ಣಿಗೆ ತಾಗುವ ಬೆಳೆಯನ್ನು 120 ದಿನ ಕಳೆಯದೆ ಕೊಯ್ಯುವಂತಿಲ್ಲವೆಂದೂ ಅದೇ ನಿಯಮ ಹೇಳುತ್ತದೆ. ಮೆಂತ್ಯೆಯಾದರೋ ಒಂದು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಲೆಕ್ಕವನ್ನು ನೀವೇ ಹಾಕಿ.

ಈಗ ಜೀವಾಮೃತದ ಮಾತು. ಇದನ್ನು ಹೇಳಿದರೆ ಕೆಲವರಿಗೆ ಬೇಸರವಾದೀತು; ಆದರೂ ಹೇಳಬೇಕಾಗಿದೆ. ಸಗಣಿ, ಗಂಜಲ, ಬೆಲ್ಲ, ಕಾಳಿನ ಹಿಟ್ಟು ಕಲಸಿ ಕೆಲವು ದಿನ ಇಟ್ಟ ದ್ರವದಲ್ಲಿ ಬೆಳೆಯುವವು ಸೂಕ್ಷ್ಮಜೀವಿಗಳೇ. ಅದಕ್ಕಾಗಿಯೇ ಅಲ್ಲವೇ ಅದನ್ನು ಮಾಡುವುದು? ಆದರೆ ಅದರಲ್ಲಿ ಕಾವು ಏರುವುದಿಲ್ಲ. ಸಗಣಿಯಲ್ಲಿ ರೋಗಾಣುವಿದ್ದರೆ ಅದೂ ಉಳಿದೀತು. ತೊಗರಿಗೆ, ಜೋಳಕ್ಕೆ, ಕಬ್ಬಿಗೆ ಬೇರಿಗೆ ಕೊಡಿ, ತೊಂದರೆಯಿಲ್ಲ. ಹಸಿಯಾಗಿ ತಿನ್ನುವ ಸೊಪ್ಪಿನ ಎಲೆಯ ಮೇಲೆ, ಅದೂ ಕೊಯ್ಲಿನ ಹೊತ್ತಿಗೆ, ಸಿಂಪಡಿಸಬೇಡಿ. ಸಾವಯವವೆಂದರೆ ಶುದ್ಧವೆಂದು ನಂಬಿ ಹೆಚ್ಚು ಬೆಲೆ ಕೊಡುವ ಗಿರಾಕಿಯ ನಂಬಿಕೆಗೆ ನಾವು ತಕ್ಕವರಾಗಿರಬೇಕು.

ಆಡು, ಕುರಿ ಕೊಯ್ಯುವಲ್ಲಿಯೂ ಒಂದು ಮಾತು. ಹಿಂದಿನ ರಾತ್ರಿ ಮೇವು ನಿಲ್ಲಿಸಿ ನೀರು ಮಾತ್ರ ಕೊಡಿ. ಕರುಳು ತೆಗೆಯುವಾಗ ಎರಡೂ ತುದಿಗಳನ್ನು ಕಟ್ಟಿ, ಹರಿಯದಂತೆ ಹೊರತೆಗೆಯಲಿ. ಒಂದು ಹರಿದ ಕರುಳು ಇಡೀ ಮಾಂಸವನ್ನು ಕೆಡಿಸುತ್ತದೆ.

ಖರ್ಚು ಯಾರದು?

ಇಷ್ಟೆಲ್ಲ ಹೊರೆ ರೈತನೊಬ್ಬನ ಹೆಗಲಿಗೇ ಏಕೆ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಕೆನಡಾ ದೇಶದಲ್ಲಿ 2008ರಲ್ಲಿ ದನಗಳ ಕರುಳಿನ ಒ157ಕ್ಕೆ ಲಸಿಕೆಯೊಂದಕ್ಕೆ ಪೂರ್ತಿ ಅನುಮತಿ ಸಿಕ್ಕಿತು. ಆದರೆ ಕೊಳ್ಳುವವರು ಸಾಕಷ್ಟಿಲ್ಲದೆ ಅದರ ತಯಾರಿಕೆಯೇ ನಿಂತುಹೋಯಿತು. ಕಾರಣ ಸರಳ: ಲಸಿಕೆಯಿಂದ ದನಕ್ಕೆ ಲಾಭವಿಲ್ಲ, ಏಕೆಂದರೆ ದನಕ್ಕೆ ಆ ರೋಗವೇ ಇಲ್ಲ, ಲಾಭ ಪಟ್ಟಣದ ಗಿರಾಕಿಗೆ, ಖರ್ಚು ಮಾತ್ರ ಸಾಕುವವನಿಗೆ. ಲಾಭ ಒಬ್ಬರಿಗೆ, ಖರ್ಚು ಇನ್ನೊಬ್ಬರಿಗೆ ಎಂದಾದರೆ ಎಂಥ ಒಳ್ಳೆಯ ಕೆಲಸವೂ ನಿಲ್ಲುವುದಿಲ್ಲ.

ಆದ್ದರಿಂದ ಎರಡು ಬೇಡಿಕೆಗಳನ್ನು ನಾವೆಲ್ಲ ಸೇರಿ ಇಡಬೇಕೆಂದು ನನ್ನ ಸಲಹೆ. ಒಂದು, ಹಾಲಿನ ಬೆಲೆ ಬಹುಮಟ್ಟಿಗೆ ಕೊಬ್ಬು ಮತ್ತು ಇತರ ಘನಾಂಶಗಳ ಮೇಲೆ ನಿಂತಿದೆ. ಶುದ್ಧಿಗೂ ಬೆಲೆ ಬೇಕು. ಹಾಲಿಗೆ ಮಿಥಿಲೀನ್ ನೀಲಿ ಬೆರೆಸಿ, ಬಣ್ಣ ಎಷ್ಟು ಹೊತ್ತಿಗೆ ಹೋಗುತ್ತದೆಂದು ನೋಡುವ ಪರೀಕ್ಷೆ ಬಹಳ ಹಳೆಯದು, ಖರ್ಚೂ ಕಡಿಮೆ. ಐದು ಗಂಟೆ ಬಣ್ಣ ನಿಂತರೆ ಬಹಳ ಒಳ್ಳೆಯ ಹಾಲು. ಅರ್ಧ ಗಂಟೆಯಲ್ಲಿ ಹೋದರೆ ಕೊಳಕು ಹಾಲು. ಚೊಕ್ಕ ಹಾಲು ತಂದವರಿಗೆ ಲೀಟರಿಗಿಷ್ಟು ಎಂದು ಹೆಚ್ಚು ಕೊಟ್ಟು ನೋಡಲಿ, ಕೊಟ್ಟಿಗೆಗಳು ತಾವಾಗಿ ಚೊಕ್ಕವಾಗುತ್ತವೆ. ಎರಡು, ಹಳ್ಳಿಯ ಪಶುಚಿಕಿತ್ಸಾಲಯಗಳಲ್ಲಿ ಭೇದಿಯ ಸಗಣಿಯನ್ನು ಪರೀಕ್ಷೆಗೆ ಕಳಿಸುವ ಅನುಕೂಲವಿರಬೇಕು. ಯಾವ ರೋಗಾಣು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಯದೆ ಕೊಟ್ಟ ಔಷಧ ಕತ್ತಲಲ್ಲಿ ಎಸೆದ ಕಲ್ಲು. ಪಶುವೈದ್ಯಕೀಯ ವಿಶ್ವವಿದ್ಯಾಲಯ 2005ರಿಂದ ಬೀದರದಲ್ಲಿಯೇ ಇದೆ. ಮನೆಯ ಬಾಗಿಲಲ್ಲಿ ಬಾವಿ ಇರುವಾಗ ನೀರಡಿಸಿ ಕೂಡಬೇಕೇ? ಅಲ್ಲಿಗೆ ಹೋಗಿ ಕೇಳಿ. ಕೇಳುವವರಿದ್ದರೆ ಹೇಳುವವರಿಗೂ ಹುರುಪು ಬರುತ್ತದೆ.

ಈ ಬೇಡಿಕೆಗಳು ಈಡೇರುವ ತನಕ ಕಾಯಬೇಡಿ. ಗಿಣ್ಣದ ಹಾಲಿಗೆ, ಕೈ ತೊಳೆಯುವುದಕ್ಕೆ, ತೊಟ್ಟಿ ತಿಕ್ಕುವುದಕ್ಕೆ, ತಿಪ್ಪೆ ಮಗುಚುವುದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಡ, ಸಾಲವೂ ಬೇಡ. ಅದರ ಮೊದಲ ಫಲವೂ ನಿಮಗೇ: ನಿಮ್ಮ ಕೊಟ್ಟಿಗೆಯ ಕರು ಬದುಕುತ್ತದೆ, ನಿಮ್ಮ ಅಂಗಳದಲ್ಲಿ ಅಂಬೆಗಾಲಿಡುವ ಕೂಸು ಉಳಿಯುತ್ತದೆ. ಪಟ್ಟಣದ ಗಿರಾಕಿಯ ಲಾಭ ಅನಂತರದ್ದು.

ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ ಮೆರೆಸುತ್ತೇವೆ. ವರ್ಷಕ್ಕೊಮ್ಮೆ ತೋರುವ ಆ ಪ್ರೀತಿಯ ಒಂದು ಪಾಲನ್ನು ದಿನವೂ ಕೊಟ್ಟಿಗೆಗೆ ಕೊಡೋಣ. ಬರುವ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕುಳಿತು ಹಸಿ ಮೆಂತ್ಯೆ ಕಿತ್ತು, ಚೊಕ್ಕ ನೀರಿನಲ್ಲಿ ತೊಳೆದು ಮೊಮ್ಮಗನ ರೊಟ್ಟಿಯ ಮೇಲೆ ಇಡುವಾಗ, ಈ ಸೊಪ್ಪಿನ ಗೊಬ್ಬರ ಚೆನ್ನಾಗಿ ಕಳಿತದ್ದು ಎಂದು ನಿಮ್ಮ ಮನಸ್ಸಿಗೆ ಖಾತ್ರಿಯಿದ್ದರೆ ಈ ಲೇಖನ ಬರೆದದ್ದು ಸಾರ್ಥಕ.